ಎಂಟು, ಒಂಬತ್ತು, ಹತ್ತು: ಗಡಿನಾಡಿನ ಹೈಸ್ಕೂಲಿನಲ್ಲಿ ಸಂಗೀತದ ಪೀರಿಯಡ್ ನಡೆಸುವುದು ಹೇಗೆ

ವಾರಕ್ಕೆ ಒಂದೇ ಪೀರಿಯಡ್, ಅದೂ ಊಟದ ನಂತರ. ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಶಾಲೆಯ ಹಾರ್ಮೋನಿಯಂ ಕಪಾಟಿನಲ್ಲಿ ಉಂಟು, ಆದರೆ ಒತ್ತಿದ ಮನೆ, ಅಂದರೆ ಕೀ, ಮೇಲೆ ಏಳುವುದಿಲ್ಲ. ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಸಂಗೀತ ಕಲಿಸುವವರ ಪಾಡು ಹೆಚ್ಚು ಕಮ್ಮಿ ಇಷ್ಟೇ. ಸಂಗೀತಕ್ಕೆಂದೇ ಟೀಚರ್ ಇದ್ದರೆ ಆ ಮಕ್ಕಳ ಪುಣ್ಯ. ಇಲ್ಲದಿದ್ದರೆ, ಸ್ಟಾಫ್ ರೂಮಿನಲ್ಲಿ ಒಮ್ಮೆ ಹಾಡಿದ ತಪ್ಪಿಗೆ ಕನ್ನಡದ ಟೀಚರೋ ಗಣಿತದ ಮಾಷ್ಟ್ರೋ ಈ ಪೀರಿಯಡನ್ನು ಹೊತ್ತುಕೊಳ್ಳಬೇಕು. ಈ ಬರಹ ಇಬ್ಬರಿಗೂ.

ಸಾಧಾರಣವಾಗಿ ಏನಾಗುತ್ತದೆ ಎಂದರೆ ಎಂಟಕ್ಕೆ ಒಂದಷ್ಟು ಹಾಡು, ಒಂಬತ್ತಕ್ಕೆ ಬೇರೆ ಒಂದಷ್ಟು, ಹತ್ತಕ್ಕೆ ಇನ್ನೂ ಕಷ್ಟದ್ದು ಅಂತ ಹಂಚಿಬಿಡುತ್ತೇವೆ. ಮೂರು ವರ್ಷ ಕಳೆದಾಗ ಮಗುವಿನ ನೋಟ್‌ಬುಕ್ಕಿನಲ್ಲಿ ಹಾಡು ಜಾಸ್ತಿಯಾಗಿರುತ್ತದೆ, ಕಿವಿ ಇದ್ದಲ್ಲೇ ಇರುತ್ತದೆ. ನಾನು ಹೇಳುವುದಿಷ್ಟೇ: ಹಾಡು ಅದೇ ಇರಲಿ, ಅದರಲ್ಲಿ ಮಗುವಿಗೆ ಕೊಡುವ ಕೆಲಸ ವರ್ಷಕ್ಕೊಮ್ಮೆ ಬದಲಾಗಲಿ. ಎಂಟರಲ್ಲಿ ಶ್ರುತಿಗೆ, ಅಂದರೆ ತಂಬೂರಿ ಹಿಡಿದು ನಿಲ್ಲಿಸುವ ಆಧಾರ ಸ್ವರಕ್ಕೆ, ಸೇರಿಸಿ ಹಾಡಿದ ಹಾಡನ್ನೇ ಒಂಬತ್ತರಲ್ಲಿ ಎರಡು ಗುಂಪಾಗಿ ಹಿಡಿಯಲಿ, ಹತ್ತರಲ್ಲಿ ಅದಕ್ಕೊಂದು ಚರಣ ತಾವೇ ಕಟ್ಟಲಿ. ಕಲಿಸುವವರಿಗೂ ಇದು ಸುಲಭ. ವರ್ಷಕ್ಕೆ ನಾಲ್ಕೈದು ಹಾಡು ಸಾಕು.

ಮೊದಲ ಪೀರಿಯಡ್ಡಿನಲ್ಲಿ ಹಾಡಿಸಬೇಡಿ

ಜೂನ್ ಮೊದಲ ವಾರ. "ಯಾರಿಗೆ ಹಾಡ್ಲಿಕ್ಕೆ ಬರ್ತದೆ?" ಅಂತ ಕೇಳಿದರೆ ಆರು ಕೈ ಏಳುತ್ತವೆ, ಉಳಿದವರು ಆ ಕ್ಷಣದಲ್ಲೇ ತಮ್ಮನ್ನು ಹಾಡು ಬಾರದವರ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಬೇರೆ ಪ್ರಶ್ನೆ ಕೇಳಿ. ಭಜನಾ ಮಂದಿರಕ್ಕೆ ಹೋಗುವವರು ಯಾರು? ಕುಣಿತ ಭಜನೆಯ ತಂಡದಲ್ಲಿ ಯಾರಿದ್ದಾರೆ? ಯಕ್ಷಗಾನದ ಹೆಜ್ಜೆ ಕಲಿತವರು? ದಫ್ ಬಾರಿಸಿದವರು, ಕೋಲ್ಕಳಿ ಆಡಿದವರು? ಮನೆಯಲ್ಲಿ ಅಜ್ಜಿಗೆ ನಾಟಿಯ ಹಾಡು ಬರುತ್ತದಾ? ಈಗ ಕೈಗಳು ಬೇರೆ ಬೆಂಚುಗಳಿಂದ ಏಳುತ್ತವೆ. ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗ ಮಂದಿರದಲ್ಲಿ ತಾಳ ಹಾಕುವವನಾಗಿರುತ್ತಾನೆ. ಅವನ ಹೆಸರು ಬರೆದಿಟ್ಟುಕೊಳ್ಳಿ, ಮುಂದಿನ ತಿಂಗಳು ಅವನೇ ನಿಮ್ಮ ಸಹಾಯಕ.

ಮನೆಮಾತೂ ಕೇಳಿ. ಕನ್ನಡ ಮಾಧ್ಯಮ ಅಂದ ಮಾತ್ರಕ್ಕೆ ಎಲ್ಲರ ಮನೆಯಲ್ಲೂ ಕನ್ನಡ ಇಲ್ಲವಲ್ಲ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ, ಎಲ್ಲವೂ ಒಂದೇ ಕೋಣೆಯಲ್ಲಿ ಕೂತಿರುತ್ತವೆ. ಹಾಡು ಆರಿಸುವಾಗ ಈ ಪಟ್ಟಿ ಬೇಕಾಗುತ್ತದೆ.

ಮಳೆ ಮುಗಿಯುವವರೆಗೆ ತಾಳ

ಜೂನ್, ಜುಲೈಯಲ್ಲಿ ಶ್ರುತಿ ಕಲಿಸಲು ಹೋಗಬೇಡಿ. ಶೀಟಿನ ಮಾಡಿನ ಮೇಲೆ ನಮ್ಮ ಮಳೆ ಹೊಡೆಯುವಾಗ ತಂಬೂರಿಯ ದನಿ ಎರಡನೇ ಬೆಂಚಿಗೂ ತಲುಪುವುದಿಲ್ಲ. ಮಕ್ಕಳು ಕೇಳಿಸದ ಶ್ರುತಿಯ ಮೇಲೆ ಕಿರುಚಿ ಗಂಟಲು ಕೆಡಿಸಿಕೊಳ್ಳುತ್ತಾರೆ, ಅಷ್ಟೇ. ಆ ಎರಡು ತಿಂಗಳು ತಾಳಕ್ಕೆ ಇಡಿ. ಕೈ, ಬೆಂಚು, ಎರಡು ತೆಂಗಿನ ಗೆರಟೆ, ಇಷ್ಟಿದ್ದರೆ ಸಾಕು.

ತಾಳವನ್ನು ಅಂಕಿಯಿಂದ ಶುರು ಮಾಡಬೇಡಿ, ಊರಿನ ಹೆಸರಿನಿಂದ ಮಾಡಿ. ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ ಎನ್ನುವುದನ್ನು ಕನ್ನಡ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ, ಅದನ್ನೇ ಇಲ್ಲಿ ಬಳಸಿ. ಬೇಳ ಎಂದರೆ ಮೂರು ಮಾತ್ರೆ. ಪೆರ್ಲವೂ ಮೂರು. ಕುಂಬಳೆ ನಾಲ್ಕು, ಉಪ್ಪಳ ನಾಲ್ಕು. ಬದಿಯಡ್ಕ ಐದು, ನೀರ್ಚಾಲು ಐದು. ಮಂಜೇಶ್ವರ ಆರು, ಮುಳ್ಳೇರಿಯ ಆರು. ಸೀತಾಂಗೋಳಿ ಏಳು, ಕಾಸರಗೋಡು ಏಳು. ದಿನಾ ಬಸ್ಸಿನಲ್ಲಿ ಕಂಡಕ್ಟರ್ ಕೂಗುವ ಹೆಸರುಗಳಲ್ಲೇ ತಕಿಟ, ತಕಧಿಮಿ, ತಕತಕಿಟ ಎಲ್ಲ ಬಂದಾಯಿತು. ಒಂದು ಸಾಲು "ಕುಂಬಳೆ ಕುಂಬಳೆ" ಅಂತ ಹೇಳುತ್ತಾ ಮೊದಲ ಅಕ್ಷರಕ್ಕೆ ಚಪ್ಪಾಳೆ ಹಾಕಲಿ. ಸರಿಯಾಗಿ ನಿಂತ ಮೇಲೆ ಬಾಯಿ ಮುಚ್ಚಿ, ಚಪ್ಪಾಳೆ ಮಾತ್ರ ಮುಂದುವರಿಸಿ. ಎಂಟನೇ ಕ್ಲಾಸಿಗೆ ಈ ನಾಲ್ಕರ ನಡೆ, ಅದರ ಮೇಲೆ ಆದಿತಾಳದ ಎಂಟು ಅಕ್ಷರ: ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಪೆಟ್ಟು ಹುಸಿ, ಪೆಟ್ಟು ಹುಸಿ (ಹುಸಿ ಎಂದರೆ ಅಂಗೈಯನ್ನು ಮೇಲೆ ತಿರುಗಿಸುವುದು). ಆರು ಅಕ್ಷರದ ರೂಪಕ ತಾಳವನ್ನೂ ಸೇರಿಸಬಹುದು. ಅದಕ್ಕಿಂತ ಜಾಸ್ತಿ ಬೇಡ.

ಒಂಬತ್ತಕ್ಕೆ ಬಂದಾಗ ಐದು ಮತ್ತು ಏಳು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಮಜಾ ಇರುವುದು ಇಲ್ಲೇ. "ಬೇಳ ಕುಂಬಳೆ ಬೇಳ ಕುಂಬಳೆ" ಎಂದು ಹೇಳಿಸಿ. ಮೂರು, ನಾಲ್ಕು, ಮೂರು, ನಾಲ್ಕು. ಇದು ಭಾಮಿನಿ ಷಟ್ಪದಿಯ ಒಂದು ಸಾಲಿನ ಅಳತೆ, ಏಳರ ಮಿಶ್ರಛಾಪು ತಾಳದ ಎರಡು ಆವರ್ತ, ಅಂದರೆ ಎರಡು ಸುತ್ತು, ಕೂಡ. "ಬದಿಯಡ್ಕ ನೀರ್ಚಾಲು" ಅನ್ನುವುದನ್ನು ಎರಡು ಸಲ ಹೇಳಿದರೆ ಐದು ಮಾತ್ರೆಯ ನಾಲ್ಕು ಗಣ, ವಾರ್ಧಕ ಷಟ್ಪದಿಯ ಸಾಲು ಸಿಕ್ಕಿತು. ಕೈಯಲ್ಲಿ ಹಾಕುವಾಗ "ಬದಿ" ಒಂದು ಪೆಟ್ಟು, "ಯಡ್ಕ" ಒಂದು ಪೆಟ್ಟು. ಎರಡು, ಮೂರು. ಐದರ ಖಂಡಛಾಪು ತಾಳ ಆಯಿತು. ಕನ್ನಡ ಟೀಚರ್ ಹತ್ತಿರ ಮೊದಲೇ ಮಾತಾಡಿಕೊಂಡು, ಅವರು ಷಟ್ಪದಿ ಪಾಠ ಮಾಡುವ ವಾರವೇ ನೀವು ಇದನ್ನು ತೆಗೆದುಕೊಂಡರೆ ಇಬ್ಬರಿಗೂ ಲಾಭ. ಪ್ರಸ್ತಾರ ಹಾಕುವುದೆಂದರೆ ತಲೆನೋವು ಅಂದುಕೊಂಡ ಮಕ್ಕಳು ಅದನ್ನೇ ಕೈಯಲ್ಲಿ ಬಡಿಯುತ್ತಾ ಮನೆಗೆ ಹೋಗುತ್ತಾರೆ.

ಯಕ್ಷಗಾನ ಬಲ್ಲ ಮಕ್ಕಳಿದ್ದರೆ ಏಕ, ರೂಪಕ, ತ್ರಿವುಡೆ, ಝಂಪೆ ಎಲ್ಲ ಅವರ ಬಾಯಲ್ಲೇ ಇರುತ್ತದೆ. ತ್ರಿವುಡೆಗೆ ಏಳು, ಝಂಪೆಗೆ ಹತ್ತು. ನೀವು ಹೇಳುವುದಕ್ಕಿಂತ ಅವರೇ ಮುಂದೆ ಬಂದು ಮಾಡಿ ತೋರಿಸಲಿ. ತೆಂಕುತಿಟ್ಟಿನ ಆದಿಕವಿ ಅನ್ನಿಸಿಕೊಂಡ ಪಾರ್ತಿಸುಬ್ಬ ಇದೇ ಕುಂಬಳೆಯವ ಎಂದು ಒಂದು ಮಾತು ಸೇರಿಸಿದರೆ, ಅಲ್ಲಿಯವರೆಗೆ ಕಿಟಕಿ ನೋಡುತ್ತಿದ್ದವರೂ ಈ ಕಡೆ ತಿರುಗುತ್ತಾರೆ.

ಹತ್ತಕ್ಕೆ ಒಂದೇ ಕೆಲಸ: ಅರ್ಧ ಕ್ಲಾಸು ಮೂರನ್ನು ಬಡಿಯಲಿ, ಉಳಿದರ್ಧ ನಾಲ್ಕನ್ನು. ಇಬ್ಬರೂ ಒಟ್ಟಿಗೆ ಶುರು ಮಾಡಿದರೆ ಹನ್ನೆರಡು ಮಾತ್ರೆ ದಾಟಿದ ಕೂಡಲೇ ಮತ್ತೆ ಒಟ್ಟಿಗೆ ಬೀಳಬೇಕು. ಬೀಳುವುದಿಲ್ಲ, ಮೊದಲ ವಾರ. ಬಿಡಿ, ಮುಂದಿನ ವಾರ ಬೀಳುತ್ತದೆ. ಗಣಿತದ ಮಾಷ್ಟ್ರಿಗೆ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಓಣಂ ರಜೆ ಕಳೆದ ಮೇಲೆ ಶ್ರುತಿ

ಮೊದಲ ಪರೀಕ್ಷೆ ಮುಗಿದು ಮಕ್ಕಳು ವಾಪಸು ಬರುವಾಗ ಮಳೆಯ ಜೋರು ಇಳಿದಿರುತ್ತದೆ. ಈಗ ಕಿವಿಯ ಕೆಲಸ. ಶ್ರುತಿಪೆಟ್ಟಿಗೆ ಇಲ್ಲದಿದ್ದರೆ ಮೊಬೈಲಿನ ತಂಬೂರಿ ಆ್ಯಪ್ ಸಾಕು, ಆದರೆ ಫೋನಿನ ಸಣ್ಣ ಸ್ಪೀಕರ್ ನಲವತ್ತು ಮಕ್ಕಳಿಗೆ ಕೇಳುವುದಿಲ್ಲ. ಸ್ಕೂಲಿನ ಅಸೆಂಬ್ಲಿ ಸ್ಪೀಕರೋ ಸ್ಮಾರ್ಟ್ ಕ್ಲಾಸಿನ ಸ್ಪೀಕರೋ ಸಿಕ್ಕಿದರೆ ಜೋಡಿಸಿಕೊಳ್ಳಿ.

ಎಂಟನೇ ಕ್ಲಾಸಿಗೆ ಬಿಳಿ ಐದರಿಂದ ಬಿಳಿ ಆರರ ಒಳಗೆ, ಅಂದರೆ ಹಾರ್ಮೋನಿಯಮ್ಮಿನ ಐದನೇ, ಆರನೇ ಬಿಳಿ ಮನೆಗಳ ಒಳಗೆ, ಷಡ್ಜ (ಸ) ಇಡಿ. ದೊಡ್ಡವರು, ಮುಖ್ಯವಾಗಿ ಗಂಡು ಟೀಚರುಗಳು, ತಮಗೆ ಹಿತವಾಗುವ ಬಿಳಿ ಒಂದು ಎರಡರಲ್ಲಿ ಹಾಡಿ ಮಕ್ಕಳನ್ನು ಅಲ್ಲಿಗೆ ಎಳೆಯುತ್ತಾರೆ. ಮಕ್ಕಳಿಗೆ ಕೆಳಗಿನ ಸ್ವರ ಸಿಗುವುದಿಲ್ಲ, ಗೊಣಗಿದ ಹಾಗೆ ಕೇಳುತ್ತದೆ, ಆಮೇಲೆ ಶ್ರುತಿಜ್ಞಾನ ಇಲ್ಲ ಅಂತ ಬೈಗುಳ ಬೇರೆ.

ಎಲ್ಲರೂ ಬಾಯಿ ಮುಚ್ಚಿ "ಮ್" ಎಂದು ಷಡ್ಜ ಹಿಡಿಯಲಿ. ಒಂದು ಕೈಯನ್ನು ಕಿವಿಯ ಹಿಂದೆ ಇಟ್ಟರೆ ತಮ್ಮ ದನಿ ತಮಗೇ ಕೇಳುತ್ತದೆ. ನೀವು ಸಾಲಿನ ನಡುವೆ ನಿಧಾನಕ್ಕೆ ನಡೆಯಿರಿ. ನಾಲ್ಕೈದು ಮಕ್ಕಳ ದನಿ ಬೇರೆ ಕಡೆ ಇರುವುದು ಗೊತ್ತಾಗುತ್ತದೆ. ಆಗ ಅವರ ಹೆಸರು ಹೇಳಬೇಡಿ, ನಿಂತು ನೋಡಲೂ ಬೇಡಿ.

ಅಂಥ ಮಗುವನ್ನು ಷಡ್ಜಕ್ಕೆ ಎಳೆಯುವ ಬದಲು ನೀವೇ ಅವನ ಸ್ವರಕ್ಕೆ ಹೋಗಿ. ಬಿಡುವಿನಲ್ಲಿ ಕರೆದು ಸುಮ್ನೆ "ಆ" ಅನ್ನಲು ಹೇಳಿ. ಅವನು ಹಿಡಿದ ಸ್ವರವನ್ನು ಹಾರ್ಮೋನಿಯಮ್ಮಿನಲ್ಲಿ ಹುಡುಕಿ ಒತ್ತಿ ಹಿಡಿಯಿರಿ. ತನ್ನ ದನಿಯೂ ಪೆಟ್ಟಿಗೆಯ ದನಿಯೂ ಒಂದಾದಾಗ ಹೇಗೆ ಕೇಳುತ್ತದೆ ಎನ್ನುವುದು ಅವನಿಗೆ ಮೊದಲ ಸಲ ಗೊತ್ತಾಗುವುದು ಆಗ. ಅಲ್ಲಿಂದ ಒಂದು ಮನೆ ಮೇಲೆ, ಮತ್ತೊಂದು ಮನೆ ಮೇಲೆ. ವಾರಕ್ಕೆ ಐದು ನಿಮಿಷ ಹೀಗೆ ಮಾಡಿದರೆ ಹೆಚ್ಚಿನ ಮಕ್ಕಳು ಸೇರಿಕೊಳ್ಳುತ್ತಾರೆ. ನಿಜವಾಗಿ ಸ್ವರ ಕೇಳಿಸದವರು ತೀರಾ ಕಮ್ಮಿ. ಕೇಳುವ ಅಭ್ಯಾಸ ಇಲ್ಲದವರೇ ಜಾಸ್ತಿ.

"ನೀನು ಬಾಯಿ ಮಾತ್ರ ಆಡಿಸು, ದನಿ ತೆಗಿಬೇಡ" ಎನ್ನುವ ಮಾತು ನಮ್ಮ ಶಾಲೆಗಳಲ್ಲಿ ಇನ್ನೂ ಕೇಳುತ್ತದೆ. ಆ ಮಾತು ಕೇಳಿದ ಮಗು ಮತ್ತೆ ಹಾಡುವುದಿಲ್ಲ. ದಯವಿಟ್ಟು ಬೇಡ.

ಸ್ವರಗಳಿಗೆ ಬಂದರೆ, ಮಾಯಾಮಾಳವಗೌಳ ರಾಗದ ಸರಳೆವರಸೆ, ಅಂದರೆ ಮೊದಲ ಸ್ವರಾಭ್ಯಾಸ, ಪುರಂದರದಾಸರಿಂದ ಬಂದ ದಾರಿ, ಅದಕ್ಕೆ ಎರಡು ಮಾತಿಲ್ಲ. ಆದರೆ ಅದು ದಿನಾ ಕೂತು ಸಾಧನೆ ಮಾಡುವ ಮಗುವಿಗೆ. ವಾರಕ್ಕೆ ನಲವತ್ತು ನಿಮಿಷದ ಕ್ಲಾಸಿಗೆ ನಾನು ಮೋಹನ ರಾಗದಿಂದ ಶುರು ಮಾಡಿ ಎನ್ನುತ್ತೇನೆ. ಸ ರಿ ಗ ಪ ದ, ಐದೇ ಸ್ವರ, ಅಕ್ಕಪಕ್ಕದಲ್ಲಿ ತೀರಾ ಒತ್ತಿಕೊಂಡ ಸ್ವರಗಳಿಲ್ಲ. ಭಜನೆಗಳಲ್ಲಿ, ಯಕ್ಷಗಾನದಲ್ಲಿ ಕೇಳಿ ಕೇಳಿ ಕಿವಿಗೆ ಪರಿಚಯ ಇರುವ ರಾಗವೂ ಹೌದು.

ಒಂಬತ್ತನೇ ಕ್ಲಾಸಿನ ಹುಡುಗರು

ಎಲ್ಲರೂ ಸೋಲುವುದು ಇಲ್ಲಿ. ಎಂಟರಲ್ಲಿ ಚೆಂದ ಹಾಡಿದ ಹುಡುಗ ಒಂಬತ್ತಕ್ಕೆ ಬಂದಾಗ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾನೆ. ಹಾಡು ಅಂದರೆ "ಗಂಟ್ಲು ಸರಿ ಇಲ್ಲ ಟೀಚರೇ" ಅನ್ನುತ್ತಾನೆ. ಸುಳ್ಳಲ್ಲ. ಹನ್ನೆರಡರಿಂದ ಹದಿನೈದರ ನಡುವೆ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಅದರೊಳಗಿನ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಹೆಚ್ಚು ಕಡಿಮೆ ಒಂದು ಸ್ಥಾಯಿಯಷ್ಟು (ಸ ದಿಂದ ಮೇಲಿನ ಸ ವರೆಗಿನಷ್ಟು) ಕೆಳಗೆ ಇಳಿಯುತ್ತದೆ. ಒಂದೇ ದಿನದಲ್ಲಿ ಇಳಿಯುವುದಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ, ನಡುನಡುವೆ ಒಡೆಯುತ್ತದೆ. ಹುಡುಗಿಯರ ದನಿಯೂ ಬದಲಾಗುತ್ತದೆ, ಇಳಿಯುವುದು ಎರಡು ಮೂರು ಸ್ವರ ಮಾತ್ರ. ಕೆಲವು ಕಾಲ ದನಿಯಲ್ಲಿ ಗಾಳಿ ಜಾಸ್ತಿ ಕೇಳುತ್ತದೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಜೀವಶಾಸ್ತ್ರದ ಪಾಠದ ಹಾಗೆ, ನಗದೆ ಹೇಳಿ.

ಈ ಕಾಲದಲ್ಲಿ ಹಾಡಬಾರದು ಅಂತ ಹಳಬರು ಹೇಳುತ್ತಿದ್ದರು. ಮೆತ್ತಗೆ ಹಾಡಿದರೆ ಏನೂ ಆಗುವುದಿಲ್ಲ. ಆಗುವುದು ಕಿರುಚಿದರೆ, ಮೇಲಿನ ಷಡ್ಜಕ್ಕೆ ಹಟ ಹಿಡಿದರೆ. ಹಾಗಾಗಿ ಕ್ಲಾಸನ್ನು ಮೂರು ಗುಂಪು ಮಾಡಿ. ಷಡ್ಜ ಬಿಳಿ ಐದರಲ್ಲೇ ಇರಲಿ.

ಹುಡುಗಿಯರು ಮತ್ತು ಇನ್ನೂ ದನಿ ಒಡೆಯದ ಹುಡುಗರು ಇಡೀ ಹಾಡನ್ನು ಹಾಡಲಿ. ದನಿ ಒಡೆಯುತ್ತಿರುವವರು, ಅಂದರೆ ಮಧ್ಯದಲ್ಲಿ ಸಿಕ್ಕಿಬಿದ್ದವರು, ಮಧ್ಯಸ್ಥಾಯಿಯ ಸ ದಿಂದ ದ ವರೆಗಿನ ಸಾಲುಗಳನ್ನು ಮಾತ್ರ ಹಾಡಲಿ, ಸಾಧಾರಣವಾಗಿ ಪಲ್ಲವಿ ಅದರೊಳಗೆ ಬರುತ್ತದೆ. ದನಿ ಪೂರ್ತಿ ಇಳಿದವರಿಗೆ ಷಡ್ಜ ಮತ್ತು ಮಂದ್ರ ಪಂಚಮ, ಅಂದರೆ ಕೆಳಗಿನ ಪ, ಕೊಡಿ. ಎರಡೇ ಸ್ವರ. ತಂಬೂರಿಯ ಕೆಲಸ ಅವರದ್ದು, ಉದ್ದಕ್ಕೆ "ಆ" ಎಂದು ಹಿಡಿದು ನಿಲ್ಲಬೇಕು, ಒಬ್ಬನ ಉಸಿರು ಮುಗಿಯುವಾಗ ಪಕ್ಕದವನು ಮುಂದುವರಿಸಬೇಕು. ಮೂರು ಗುಂಪೂ ಒಟ್ಟಿಗೆ ಹಾಡಿದ ದಿನ ಕೋಣೆಯ ದನಿಯೇ ಬೇರೆಯಾಗುತ್ತದೆ. ಕೆಳಗಿನ ಸ್ವರ ನಿಂತ ಕೂಡಲೇ ಹಾಡು ಬಿದ್ದುಹೋಗುವುದು ಹುಡುಗರಿಗೇ ಕೇಳುತ್ತದೆ. ಆಮೇಲೆ ಅವರನ್ನು ಹಾಡಿ ಅಂತ ಒತ್ತಾಯಿಸಬೇಕಾಗಿಲ್ಲ.

ಇದು ಬಂದ ಮೇಲೆ ಬೆನ್ನಟ್ಟುವ ಹಾಡು ಮಾಡಬಹುದು: ಒಂದು ಗುಂಪು ಶುರು ಮಾಡಿ ಒಂದು ಆವರ್ತ ದಾಟಿದ ಮೇಲೆ ಇನ್ನೊಂದು ಗುಂಪು ಅದೇ ಸಾಲನ್ನು ಮೊದಲಿನಿಂದ ಹಿಡಿಯುವುದು. ಮೋಹನದ ಸಾಲಾದರೆ ಯಾವ ಎರಡು ಸ್ವರ ಒಟ್ಟಿಗೆ ಬಿದ್ದರೂ ಕಿವಿಗೆ ಕರಕರ ಅನ್ನಿಸುವುದಿಲ್ಲ. ಕಿವಿ ಮುಚ್ಚಿಕೊಂಡು ತಮ್ಮ ಸಾಲನ್ನು ಹಿಡಿಯಲು ನೋಡುತ್ತಾರೆ, ಬಿಡಬೇಡಿ. ಇನ್ನೊಂದು ಗುಂಪನ್ನು ಕೇಳುತ್ತಲೇ ತನ್ನದನ್ನು ಹಿಡಿಯುವುದೇ ಒಂಬತ್ತರ ಪಾಠ.

ಯಾವ ಹಾಡು?

ಒಂದು ಸ್ಥಾಯಿಯೊಳಗೆ ಇರಬೇಕು, ನಾಲ್ಕು ಸಾಲಿನಲ್ಲಿ ಪಲ್ಲವಿ ಬಾಯಿಗೆ ಬರಬೇಕು. ಸಿನಿಮಾ ಹಾಡು ಬೇಡ ಎಂದು ನಾನು ಹೇಳುವುದಿಲ್ಲ, ಆದರೆ ಹೆಚ್ಚಿನವು ಒಬ್ಬರಿಗೆಂದು ಮಾಡಿದ್ದು, ಗುಂಪಿನ ಬಾಯಿಗೆ ಹೊಂದುವುದಿಲ್ಲ.

ವರ್ಷದ ನಾಲ್ಕೈದು ಹಾಡಿನಲ್ಲಿ ಎರಡು ಕನ್ನಡ, ಒಂದು ತುಳು, ಒಂದು ಮಲಯಾಳ ಅಥವಾ ಮಾಪ್ಪಿಳಪ್ಪಾಟ್ಟು (ಮಾಪ್ಪಿಳ ಮುಸ್ಲಿಮರ ಹಾಡು) ಅಂತ ಇಟ್ಟುಕೊಳ್ಳಿ. ನಾಟಿ ಗದ್ದೆಯ ತುಳು ಹಾಡುಗಳು ಹೇಳಿಕೇಳಿ ಗುಂಪಿನ ಹಾಡು: ಒಬ್ಬಳು ಎತ್ತುತ್ತಾಳೆ, ಉಳಿದವರು ಸೊಲ್ಲು ಕೊಡುತ್ತಾರೆ. ಎಂಟನೇ ಕ್ಲಾಸಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಮೊಗ್ರಾಲಿಗೆ ಇಶಲ್ ಗ್ರಾಮ ಎಂಬ ಹೆಸರೇ ಉಂಟು (ಇಶಲ್ ಎಂದರೆ ಮಾಪ್ಪಿಳಪ್ಪಾಟ್ಟಿನ ಧಾಟಿ), ಅಲ್ಲಿಂದ ಬರುವ ಮಕ್ಕಳ ಮನೆಯಲ್ಲಿ ಹಾಡು ಸಿಗುತ್ತದೆ. ಆ ಮಗುವೇ ಸಾಲು ಸಾಲಾಗಿ ಹೇಳಿಕೊಡಲಿ, ಉಳಿದವರು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲಿ. ಉಚ್ಚಾರ ತಿದ್ದುವ ಅಧಿಕಾರವೂ ಅವನದ್ದೇ. ಅರ್ಥ ಕೇಳಿ ತಿಳಿದ ಮೇಲೆ ಹಾಡಿಸಿ.

ದೇವರ ಹಾಡಿನ ವಿಷಯದಲ್ಲಿ ಸ್ವಲ್ಪ ಜಾಗ್ರತೆ ಬೇಕು. ನಮ್ಮಲ್ಲಿ ಹಾಡು ಎಂದರೆ ಅರ್ಧಕ್ಕರ್ಧ ಭಕ್ತಿಯದ್ದೇ, ಅದನ್ನು ಬಿಟ್ಟು ಕಲಿಸುವುದು ಕಷ್ಟ. ಹಾಡಲು ಮನಸ್ಸಿಲ್ಲದ ಮಗು ತಾಳ ಹಾಕಲಿ, ಶ್ರುತಿ ಹಿಡಿಯಲಿ. ಯಾಕೆ ಅಂತ ಎಲ್ಲರೆದುರು ಕೇಳಬೇಡಿ.

ಕಲೋತ್ಸವದ ಜ್ವರ

ಅಕ್ಟೋಬರ್ ಬಂತೆಂದರೆ ಶಾಲೆ, ಉಪಜಿಲ್ಲೆ, ಜಿಲ್ಲೆ ಅಂತ ಕಲೋತ್ಸವದ, ಅಂದರೆ ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆಯ, ಓಡಾಟ. 2019ರಲ್ಲಿ 60ನೇ ರಾಜ್ಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆದಿತ್ತು, ಆ ವೈಭವ ನೋಡಿದವರಿಗೆ ಈ ಜ್ವರ ಯಾಕೆ ಎಂದು ಹೇಳಬೇಕಾಗಿಲ್ಲ. ಕನ್ನಡ ಪದ್ಯ ಹೇಳುವುದಕ್ಕೂ ಯಕ್ಷಗಾನಕ್ಕೂ ಅಲ್ಲಿ ಸ್ಪರ್ಧೆ ಉಂಟು ಎನ್ನುವುದು ನಮಗೆ ದೊಡ್ಡ ವಿಷಯವೇ. ನನ್ನ ತಕರಾರು ಒಂದೇ: ಬೆರಳೆಣಿಕೆಯ ಮಕ್ಕಳ ತಂಡಕ್ಕಾಗಿ ಎರಡು ತಿಂಗಳು ಉಳಿದವರ ಪೀರಿಯಡ್ ಹೋಗುತ್ತದೆ. ತಂಡದ ಅಭ್ಯಾಸವನ್ನು ಸಂಜೆಗೆ ಇಡಿ. ಸ್ಪರ್ಧೆಯ ಹಾಡಿನ ಪಲ್ಲವಿಯನ್ನು ಇಡೀ ಕ್ಲಾಸಿಗೆ ಕಲಿಸಿ, ಹೊರಡುವ ಹಿಂದಿನ ದಿನ ತಂಡ ಕ್ಲಾಸಿನ ಎದುರು ಹಾಡಲಿ, ಮಕ್ಕಳೇ ತಪ್ಪು ಹುಡುಕಲಿ. ಮಕ್ಕಳ ಕಿವಿ ತೀರ್ಪುಗಾರರ ಕಿವಿಗಿಂತ ನಿರ್ದಯ.

ಹತ್ತಕ್ಕೆ ಸಮಯ ಇಲ್ಲ, ಹಾಗಾಗಿ ಬೇಗ

ಜನವರಿ ಆದಮೇಲೆ ಹತ್ತನೇ ಕ್ಲಾಸಿನ ಸಂಗೀತ ಪೀರಿಯಡ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಎಸ್‌ಎಸ್‌ಎಲ್‌ಸಿ ಮಾರ್ಚಿನಲ್ಲಿ, ವಿಜ್ಞಾನದ ಟೀಚರ್ ಬಾಗಿಲಲ್ಲಿ ನಿಂತಿರುತ್ತಾರೆ. ಜಗಳ ಮಾಡಿ ಪ್ರಯೋಜನ ಇಲ್ಲ. ಕ್ರಿಸ್‌ಮಸ್ ಪರೀಕ್ಷೆಗೆ ಮೊದಲು ಎರಡು ಕೆಲಸ ಮುಗಿಸಿ.

ಒಂದು, ಕೇಳುವುದು. ಮೂರು ನಿಮಿಷದ ತುಣುಕು, ಒಂದೇ ಪ್ರಶ್ನೆ. ಉದಾಹರಣೆಗೆ, ತೆಯ್ಯಂ ನಡೆಯುವಲ್ಲಿನ ಚೆಂಡೆಯನ್ನೂ ತೆಂಕುತಿಟ್ಟಿನ ಚೆಂಡೆಯನ್ನೂ ಒಂದರ ನಂತರ ಒಂದು ಕೇಳಿಸಿ. ವಾದ್ಯ ಹೆಚ್ಚು ಕಡಿಮೆ ಅದೇ. ಒಂದು ಕಡೆ ಹಲವು ಚೆಂಡೆ ಒಟ್ಟಿಗೆ, ಜೊತೆಗೆ ಇಲತ್ತಾಳ ಎನ್ನುವ ಲೋಹದ ಕೈತಾಳ. ಇನ್ನೊಂದು ಕಡೆ ಮದ್ದಳೆ, ಚಕ್ರತಾಳ, ಎಲ್ಲಕ್ಕೂ ಮೇಲೆ ಭಾಗವತರ ದನಿ ಮತ್ತು ಜಾಗಟೆ. ಚೆಂಡೆ ಯಾವಾಗ ಸುಮ್ಮನಾಗುತ್ತದೆ, ಯಾಕೆ? ಇಷ್ಟೇ ಪ್ರಶ್ನೆ. ಪದ್ಯ ಹಾಡುವಾಗ ಮದ್ದಳೆ ಮುಂದೆ ಬಂದು ಚೆಂಡೆ ಹಿಂದೆ ಸರಿಯುವುದನ್ನು ಅವರೇ ಕಂಡುಹಿಡಿಯಬೇಕು. ಗಡಿನಾಡಿನ ಮಕ್ಕಳು ಎರಡನ್ನೂ ಬಾಲ್ಯದಿಂದ ಕೇಳಿದವರು, ಈ ಅನುಕೂಲ ಬೇರೆ ಊರಿನವರಿಗೆ ಇಲ್ಲ.

ಎರಡು, ಕಟ್ಟುವುದು. ಐದೈದು ಮಕ್ಕಳ ಗುಂಪು. ಮೋಹನದ ಐದು ಸ್ವರ, ಆದಿತಾಳದ ಎರಡು ಆವರ್ತ, ಅಂದರೆ ಹದಿನಾರು ಅಕ್ಷರ. ಸ ದಲ್ಲಿ ಶುರು, ಸ ದಲ್ಲೇ ಮುಗಿತಾಯ, ನಡುವೆ ಏನು ಬೇಕಾದರೂ ಮಾಡಲಿ. ಸಾಹಿತ್ಯಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ, ಬಸ್ಸಿನ ಊರುಗಳೇ ಸಾಕು. ಇಷ್ಟು ಬಿಗಿಯಾದ ನಿಯಮ ಕೊಟ್ಟರೆ ಎಲ್ಲರಿಂದ ಏನಾದರೂ ಹುಟ್ಟುತ್ತದೆ, "ಒಂದು ಹಾಡು ಮಾಡಿ" ಎಂದು ಬಿಟ್ಟರೆ ಇಬ್ಬರು ಮಾಡಿ ಉಳಿದವರು ಮಾತಾಡುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿ. ಎರಡನೇ ಸಲ ಹಾಡುವಾಗ ಅವರೇ ತಿದ್ದಿಕೊಳ್ಳುತ್ತಾರೆ.

ಹನ್ನೊಂದು ಹನ್ನೆರಡರ ಮಕ್ಕಳು ಅದೇ ಕಂಪೌಂಡಿನಲ್ಲಿದ್ದರೆ ಹಾಡುವುದಕ್ಕೆ ಕರೆಯುವುದಕ್ಕಿಂತ ಕೆಳಗಿನ ಕ್ಲಾಸಿಗೆ ಕಲಿಸಲು ಕರೆಯಿರಿ.

ಅಂಕ ಮತ್ತು ಲೆಕ್ಕ

ಅಂಕ ಕೊಡಬೇಕಾದರೆ ದನಿ ಚೆಂದ ಇದೆಯಾ ಎಂದು ನೋಡಬೇಡಿ. ಎಂಟಕ್ಕೆ: ನಾಲ್ಕರ ನಡೆ ತಪ್ಪದೆ ಒಂದು ನಿಮಿಷ ಹಿಡಿಯುತ್ತಾನಾ, ಷಡ್ಜ ಹುಡುಕಿಕೊಳ್ಳುತ್ತಾನಾ? ಒಂಬತ್ತಕ್ಕೆ: ಪಕ್ಕದ ಗುಂಪು ಬೇರೆ ಹಾಡುವಾಗ ತನ್ನದನ್ನು ಬಿಡುವುದಿಲ್ಲವಾ? ಹತ್ತಕ್ಕೆ: ಕೇಳಿದ್ದನ್ನು ಎರಡು ವಾಕ್ಯದಲ್ಲಿ ಹೇಳಬಲ್ಲನಾ, ಗುಂಪಿನಲ್ಲಿ ಏನಾದರೂ ಸೇರಿಸಿದನಾ? ಹೆಸರಿನ ಮುಂದೆ ಒಂದು ಗುರುತು ಹಾಕಿಕೊಂಡರೆ ಆಯಿತು. ಪೀರಿಯಡ್ಡಿಗೆ ಐದು ಮಕ್ಕಳನ್ನು ಮಾತ್ರ ಗಮನಿಸಿ, ಎರಡು ತಿಂಗಳೊಳಗೆ ನಲವತ್ತೂ ಮುಗಿಯುತ್ತದೆ. ಆ ಪಟ್ಟಿಯನ್ನು ಎಸೆಯದೆ ಇಟ್ಟುಕೊಳ್ಳಿ, ಮುಂದಿನ ಜೂನಿನಲ್ಲಿ ಯಾವ ಹುಡುಗನ ದನಿ ಯಾವ ಗುಂಪಿಗೆ ಹೋಗಬೇಕು ಎಂದು ನೋಡಲು ಅದೇ ಬೇಕಾಗುತ್ತದೆ.

ಹಾರ್ಮೋನಿಯಂ ರಿಪೇರಿಗೆ ಪಿಟಿಎಯಲ್ಲಿ ದುಡ್ಡು ಕೇಳುವುದಾದರೆ ಮೀಟಿಂಗಿನ ದಿನವೇ ಕ್ಲಾಸಿನವರಿಂದ ಒಂದು ಹಾಡು ಹಾಡಿಸಿ, ಆಮೇಲೆ ಕೇಳಿ.